ಡ್ಯಾನ್ಯೂಬ್ ದಡವೋ, ವಿಯೆಟ್ನಾಂ ಘಾಟಿಯೋ? ಕೊಡಗಿನಿಂದ ಹೊರಡುವ ಸೈಕಲ್ ಪ್ರವಾಸಿಗೊಂದು ಹೋಲಿಕೆ

ವಿದೇಶದಲ್ಲಿ ಸೈಕಲ್ ಪ್ರವಾಸ ಮಾಡಬೇಕು ಅನ್ನುವವರು ಹೆಚ್ಚಾಗಿ ಮೊದಲು ದೇಶ ಆರಿಸುತ್ತಾರೆ. ಆಮೇಲೆ ಸೈಕಲ್ ನೋಡುತ್ತಾರೆ. ಟಿಕೆಟ್ ಬುಕ್ ಆದ ಮೇಲೆ ಅಭ್ಯಾಸದ ನೆನಪಾಗುತ್ತದೆ. ಕೊಡಗಿನಲ್ಲಿ ಇರುವವರು ಇದನ್ನು ಪೂರ್ತಿ ತಿರುಗಿಸಿಕೊಳ್ಳುವುದು ಒಳ್ಳೆಯದು. ನಿಮಗೆ ರಜೆ ಯಾವ ತಿಂಗಳು ಸಿಗುತ್ತದೆ, ಅದಕ್ಕೂ ಮೊದಲಿನ ಮೂರು ತಿಂಗಳು ನಮ್ಮ ರಸ್ತೆ ಹೇಗಿರುತ್ತದೆ, ಆ ರಸ್ತೆ ನಿಮಗೆ ಏನು ಕಲಿಸುತ್ತದೆ, ಏನು ಕಲಿಸುವುದಿಲ್ಲ. ಇಷ್ಟು ಗೊತ್ತಾದರೆ ದೇಶ ತಾನಾಗಿಯೇ ಗೊತ್ತಾಗುತ್ತದೆ.

ಇಲ್ಲಿ ನಾಲ್ಕು ಮಾರ್ಗ ಹೋಲಿಸಿದ್ದೇನೆ: ಯುರೋಪಿನ ಡ್ಯಾನ್ಯೂಬ್ ನದಿ ದಾರಿ, ವಿಯೆಟ್ನಾಂ, ಶ್ರೀಲಂಕಾ, ಮಧ್ಯ ಏಷ್ಯಾದ ಪಾಮಿರ್ ಹೆದ್ದಾರಿ. ನಾಲ್ಕಕ್ಕೂ ಸಮನಾದ ಜಾಗ ಕೊಟ್ಟಿಲ್ಲ. ಮೊದಲ ಸಲ ಹೊರಡುವವರು ನಿಜವಾಗಿ ತೂಗಿ ನೋಡಬೇಕಾದದ್ದು ಮೊದಲ ಎರಡನ್ನೇ ಎಂದು ನನ್ನ ಅಭಿಪ್ರಾಯ.

ಮೊದಲು ಕ್ಯಾಲೆಂಡರ್

ತೋಟ ಇರುವವರ ವರ್ಷ ಬೇರೆ, ಆಫೀಸಿನವರ ವರ್ಷ ಬೇರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ರೋಬಸ್ಟಾ ಜನವರಿಯಿಂದ ಮಾರ್ಚ್. ನಡುವೆ ಮೆಣಸು ಬೇರೆ. ಹೂಮಳೆ ಬಂತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎನ್ನುವ ಚಿಂತೆ ಮುಗಿಯುವಾಗ ಏಪ್ರಿಲ್. ಹಾಗಾಗಿ ಬೆಳೆಗಾರರಿಗೆ ಮನೆ ಬಿಟ್ಟು ಹೊರಡಲು ಸಿಗುವುದು ಏಪ್ರಿಲ್ ಕೊನೆಯಿಂದ ಮೇ ತಿಂಗಳು. ಇಲ್ಲದಿದ್ದರೆ ಜಡಿಮಳೆಯ ಜುಲೈ, ಆಗಸ್ಟ್. ಶಾಲೆಯಲ್ಲಿ ಕೆಲಸ ಮಾಡುವವರಿಗೂ ಬೇಸಿಗೆ ರಜೆ ಅದೇ ಹೊತ್ತಿಗೆ.

ಈಗ ಮಾರ್ಗಗಳ ಹವೆ ನೋಡಿ. ಡ್ಯಾನ್ಯೂಬ್ ದಾರಿಗೆ ಮೇ ಮಧ್ಯದಿಂದ ಸೆಪ್ಟೆಂಬರ್ ಚೆನ್ನ. ಏಪ್ರಿಲ್‌ನಲ್ಲಿ ಬೆಳಗ್ಗೆ ಕೈ ಮರಗಟ್ಟುವಷ್ಟು ಚಳಿ ಇರಬಹುದು. ವಿಯೆಟ್ನಾಂ ಉದ್ದದ ದೇಶ, ಒಂದೇ ಹವೆ ಇಲ್ಲ. ಫೆಬ್ರವರಿಯಿಂದ ಏಪ್ರಿಲ್ ಹೆಚ್ಚಿನ ಕಡೆಗೆ ಹೊಂದುತ್ತದೆ. ಮಧ್ಯ ಕರಾವಳಿಗೆ ಸೆಪ್ಟೆಂಬರ್‌ನಿಂದ ನವೆಂಬರ್ ಚಂಡಮಾರುತ, ನೆರೆಯ ಕಾಲ. ಆಗ ಆ ಕಡೆ ತಲೆ ಹಾಕಬೇಡಿ. ಶ್ರೀಲಂಕಾದ ಪಶ್ಚಿಮ, ದಕ್ಷಿಣ ಭಾಗಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಸರಿ. ಅಂದರೆ ಸರಿಯಾಗಿ ನಮ್ಮ ಕೊಯ್ಲಿನ ಹೊತ್ತು! ಪಾಮಿರ್‌ಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಬಿಟ್ಟರೆ ಬೇರೆ ದಾರಿ ಇಲ್ಲ.

ಇದರಿಂದ ಏನಾಯ್ತು? ಬೆಳೆಗಾರರಿಗೆ, ಮೇಷ್ಟ್ರು ಟೀಚರುಗಳಿಗೆ ಮೇ ತಿಂಗಳ ಡ್ಯಾನ್ಯೂಬ್ ತಾನಾಗಿ ಒದಗಿ ಬರುತ್ತದೆ. ಅದಕ್ಕಿಂತ ದೊಡ್ಡ ಲಾಭ ಅಭ್ಯಾಸದ್ದು. ಮೇನಲ್ಲಿ ಹೊರಡುವವರಿಗೆ ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರೂ ಒಣ ತಿಂಗಳು ಕೈಯಲ್ಲಿರುತ್ತವೆ. ಆಗಸ್ಟ್‌ನಲ್ಲಿ ಪಾಮಿರ್‌ಗೆ ಹೋಗುವವರು ಕೊನೆಯ ಎರಡು ತಿಂಗಳನ್ನು ಮಳೆಯಲ್ಲೇ ಕಳೆಯಬೇಕು. ಫೆಬ್ರವರಿಯಲ್ಲಿ ವಿಯೆಟ್ನಾಂ ಎಂದರೆ ಆಫೀಸಿನವರಿಗೆ ಸುಲಭ, ತೋಟದವರಿಗೆ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ.

‘ಒಂದು ಸಂಪಾಜೆ’ ಅಂದರೆ ಎಷ್ಟು

ಮಾರ್ಗ ಹೋಲಿಸಲು ಕಿಲೋಮೀಟರ್ ಒಂದೇ ಸಾಲದು. 80 ಕಿ.ಮೀ. ನದಿ ದಡವೂ 80 ಕಿ.ಮೀ. ಘಾಟಿಯೂ ಒಂದೇ ಅಲ್ಲ ಅಲ್ವಾ? ಏರು ಎಷ್ಟು ಎಂದು ನೋಡಬೇಕು. ಆದರೆ ‘1,000 ಮೀಟರ್ ಏರು’ ಎಂದರೆ ಕಾಲಿಗೆ ಏನೂ ಅರ್ಥವಾಗುವುದಿಲ್ಲ. ‘ಸಂಪಾಜೆಯಿಂದ ಮಡಿಕೇರಿ’ ಎಂದರೆ ತಕ್ಷಣ ಅರ್ಥವಾಗುತ್ತದೆ. ಸಂಪಾಜೆಯಿಂದ ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿಗೆ ಸುಮಾರು 26 ಕಿ.ಮೀ. ಅಷ್ಟರಲ್ಲಿ ಸುಮಾರು ಸಾವಿರ ಮೀಟರ್ ಮೇಲೆ ಬರುತ್ತೇವೆ. ಸರಾಸರಿ ಶೇ 4ರ ಆಸುಪಾಸಿನ ಏರು. ಕಡಿದಾದದ್ದೇನಲ್ಲ, ಆದರೆ ಮುಗಿಯುವುದಿಲ್ಲ. ವಿದೇಶದ ದೊಡ್ಡ ಘಾಟಿಗಳ ಸ್ವಭಾವವೂ ಹೆಚ್ಚಾಗಿ ಇದೇ.

ಹಾಗಾಗಿ ಇದನ್ನೇ ಅಳತೆಗೋಲು ಮಾಡಿಕೊಳ್ಳೋಣ. ವಿಯೆಟ್ನಾಮಿನ ಹಾಯ್ ವಾನ್ ಘಾಟಿ ಸುಮಾರು 500 ಮೀಟರ್ ಎತ್ತರ, ಸಮುದ್ರದ ಮಟ್ಟದಿಂದಲೇ ಶುರು. ಅದು ಅರ್ಧ ಸಂಪಾಜೆ. ಅದೇ ದೇಶದ ಖಾನ್ ಲೆ ಘಾಟಿ 33 ಕಿ.ಮೀ. ಉದ್ದ, ಹತ್ತಿರ ಹತ್ತಿರ ಒಂದೂವರೆ ಸಂಪಾಜೆ. ಶ್ರೀಲಂಕಾದಲ್ಲಿ ಕ್ಯಾಂಡಿ ಸುಮಾರು 500 ಮೀಟರ್, ನುವರ ಎಲಿಯ 1,868 ಮೀಟರ್. ಅಲ್ಲಿಗೆ ಇನ್ನೊಂದು ಒಂದೂವರೆ ಎಂದೇ ಇಟ್ಟುಕೊಳ್ಳಿ, ನಡುವಿನ ಇಳಿತಗಳನ್ನೂ ಮತ್ತೆ ಹತ್ತಬೇಕಲ್ಲ. ಡ್ಯಾನ್ಯೂಬ್ ದಾರಿಯಲ್ಲಿ ಜರ್ಮನಿಯ ಪಸಾವ್‌ನಿಂದ ವಿಯೆನ್ನಾವರೆಗೆ ಇಡೀ 320 ಕಿ.ಮೀ.ಗೆ ಇಂಥದ್ದು ಒಂದೂ ಇಲ್ಲ. ನೀರಿನ ಜೊತೆಗೇ ಇಳಿಯುತ್ತಾ ಹೋಗುತ್ತೀರಿ.

ದಿನದ ಲೆಕ್ಕ ಹಾಕಲು ನಾನು ಬಳಸುವ ಸೂತ್ರ ಸರಳ. ಸಾಮಾನು ಹೇರಿದ ಸೈಕಲಿಗೆ 18 ಕಿ.ಮೀ.ಗೆ ಒಂದು ಗಂಟೆ. ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಸಂಪಾಜೆಯಿಂದ ಮಡಿಕೇರಿಗೆ ಲೆಕ್ಕ ಹಾಕಿದರೆ ಮೂರು ಗಂಟೆ ಚಿಲ್ಲರೆ ಬರುತ್ತದೆ. ನೀವೇ ಒಂದು ಭಾನುವಾರ ಚೀಲ ಹೇರಿಕೊಂಡು ಹತ್ತಿ ನೋಡಿ. ನಿಮ್ಮ ಹೊತ್ತು ಬೇರೆ ಬಂದರೆ ನಿಮ್ಮದನ್ನೇ ಸೂತ್ರಕ್ಕೆ ಹಾಕಿಕೊಳ್ಳಿ. ಇದು ಬರೀ ತುಳಿಯುವ ಹೊತ್ತು. ಊಟ, ಫೋಟೋ, ಪಂಕ್ಚರ್, ದಾರಿ ತಪ್ಪುವುದಕ್ಕೆ ಮೂರನೇ ಒಂದು ಭಾಗ ಸೇರಿಸಿ.

ಈ ಲೆಕ್ಕದ ಉಪಯೋಗ ಒಂದು ಉದಾಹರಣೆಯಲ್ಲಿ ಗೊತ್ತಾಗುತ್ತದೆ. ನ್ಯಾ ಚಾಂಗ್‌ನಿಂದ ದಾ ಲಾತ್‌ಗೆ ಖಾನ್ ಲೆ ಮೂಲಕ ಸುಮಾರು 135 ಕಿ.ಮೀ. ಬಸ್ಸಿನವರಿಗೆ ಒಂದು ಬೆಳಗಿನ ದಾರಿ. ಸೂತ್ರಕ್ಕೆ ಹಾಕಿದರೆ ಬರೀ ತುಳಿಯಲು ಹತ್ತು ಗಂಟೆ, ಊಟ ತಿಂಡಿ ಸೇರಿ ಹದಿಮೂರು. ಒಂದು ದಿನದ ಕೆಲಸವೇ ಅಲ್ಲ. ಘಾಟಿಯ ಬುಡದ ಖಾನ್ ವಿನ್ ಕಡೆ ಒಂದು ರಾತ್ರಿ ಉಳಿದರೆ ಎಲ್ಲಾ ಸರಿಹೋಗುತ್ತದೆ. ಮೊದಲ ವಾರದಲ್ಲಂತೂ ದಿನಕ್ಕೆ ಒಂದು ಸಂಪಾಜೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ಡ್ಯಾನ್ಯೂಬ್: ಸುಲಭ ಅನ್ನುತ್ತಾರೆ, ಆದರೆ ನಮಗೆ?

ಯುರೋವೆಲೊ 6 ಎಂಬುದು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ರೊಮೇನಿಯಾದ ಕಪ್ಪು ಸಮುದ್ರದವರೆಗೆ ಹೋಗುವ ಸೈಕಲ್ ಮಾರ್ಗ. 4,000 ಕಿ.ಮೀ.ಗೂ ಹೆಚ್ಚು. ಅದರಲ್ಲಿ ಹೆಚ್ಚು ಜನ ತುಳಿಯುವುದು ಡ್ಯಾನ್ಯೂಬ್ ಭಾಗ. ಜರ್ಮನಿಯ ಡೊನಾವ್‌ಎಶಿಂಗೆನ್‌ನಿಂದ ಪಸಾವ್‌ವರೆಗೆ ಸುಮಾರು 600 ಕಿ.ಮೀ., ಅಲ್ಲಿಂದ ಆಸ್ಟ್ರಿಯಾದ ವಿಯೆನ್ನಾಗೆ 320, ಅಲ್ಲಿಂದ ಹಂಗೇರಿಯ ಬುಡಾಪೆಸ್ಟ್‌ಗೆ ಇನ್ನು 300ರಷ್ಟು. ನೀಲಿ ಫಲಕದಲ್ಲಿ ಹಳದಿ ನಕ್ಷತ್ರಗಳ ನಡುವೆ 6 ಎಂದು ಬರೆದಿರುತ್ತದೆ. ದೊಡ್ಡ ಪಾಲು ವಾಹನ ಇಲ್ಲದ ದಾರಿ. ಪಸಾವ್–ವಿಯೆನ್ನಾ ನಡುವೆ ಬಹಳ ಕಡೆ ಎರಡೂ ದಡದಲ್ಲಿ ದಾರಿ ಇದೆ, ದಾಟಲು ಸಣ್ಣ ದೋಣಿಗಳಿವೆ. ಸುಸ್ತಾದರೆ ಸೈಕಲ್ ಹತ್ತಿಸಿಕೊಳ್ಳುವ ರೈಲುಗಳಿವೆ. ರೈಲೇ ಇಲ್ಲದ ಜಿಲ್ಲೆಯಿಂದ ಹೋದವರಿಗೆ ಇದೊಂದು ಬೇರೆಯೇ ಲೋಕ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ನದಿಯೂ ಪೂರ್ವಕ್ಕೆ ಇಳಿಯುತ್ತದೆ. ಆದ್ದರಿಂದ ಪಸಾವ್‌ನಿಂದ ವಿಯೆನ್ನಾ ಕಡೆಗೇ ಹೋಗಿ. ಉಲ್ಟಾ ಹೋಗುವ ಹಟ ಬೇಡ.

ಇಷ್ಟೆಲ್ಲಾ ಅನುಕೂಲ ಇದ್ದರೂ ಒಂದು ಮಾತು ಹೇಳಬೇಕು. ಕೊಡಗಿನಲ್ಲಿ ಸೈಕಲ್ ತುಳಿದು ಬೆಳೆದವರಿಗೆ ಸಪಾಟು ದಾರಿ ಸುಲಭ ಎಂದುಕೊಂಡರೆ ಮೂರನೇ ದಿನ ಕೈ ಬೆರಳು ಹೇಳುತ್ತವೆ. ಇಲ್ಲಿ ಹತ್ತುವಾಗ ಎದ್ದು ನಿಂತು ತುಳಿಯುತ್ತೇವೆ, ಮುಂದಕ್ಕೆ ಬಾಗುತ್ತೇವೆ. ಇಳಿಯುವಾಗ ಕಾಲಿಗೆ ಪೂರ್ತಿ ವಿಶ್ರಾಂತಿ. ಮೈ ಪ್ರತಿ ಐದು ನಿಮಿಷಕ್ಕೊಮ್ಮೆ ಭಂಗಿ ಬದಲಿಸುತ್ತದೆ. ನದಿ ದಡದಲ್ಲಿ ಐದು ಗಂಟೆ ಒಂದೇ ಭಂಗಿ, ಒಂದೇ ವೇಗ. ಕಾಲು ನಿಲ್ಲಿಸಿದರೆ ಸೈಕಲೂ ನಿಲ್ಲುತ್ತದೆ. ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನಲು ಶುರುವಾಗುತ್ತವೆ. ಅಂಗೈ ಬದಿಯ ನರದ ಮೇಲೆ ಭಾರ ಬೀಳುವುದರಿಂದ ಹೀಗಾಗುತ್ತದೆ. ಸೀಟಿನ ಜಾಗದಲ್ಲಿ ಚರ್ಮ ಉಜ್ಜಿ ಗಾಯವಾಗುತ್ತದೆ. ಇವೆರಡೂ ಕಾಲಿನ ಬಲಕ್ಕೆ ಸಂಬಂಧಪಟ್ಟ ತೊಂದರೆಗಳಲ್ಲ. ತಲಕಾವೇರಿಗೆ ನೂರು ಸಲ ಹತ್ತಿದರೂ ಇವು ತಪ್ಪುವುದಿಲ್ಲ.

ಇದಕ್ಕೆ ಮದ್ದು ಕುಶಾಲನಗರದಿಂದ ಪಿರಿಯಾಪಟ್ಟಣ, ಹುಣಸೂರು ಕಡೆಗಿನ ರಸ್ತೆ. ಬೆಳಗ್ಗೆ ಬೇಗ ಹೊರಟು ಹುಣಸೂರಿಗೆ ಹೋಗಿ ಬಂದರೆ 90 ಕಿ.ಮೀ. ಹತ್ತಿರವಾಗುತ್ತದೆ. ನೋಡಲು ಏನೂ ವಿಶೇಷ ಇಲ್ಲ. ಹೊಗೆಸೊಪ್ಪಿನ ಹೊಲ, ಲಾರಿ, ಬಿಸಿಲು. ಬೇಸರ ಬರುತ್ತದೆ, ಆದರೆ ಆ ಬೇಸರವನ್ನೇ ಅಭ್ಯಾಸ ಮಾಡಬೇಕಾದದ್ದು. ಹದಿನೈದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಸೀಟಿನಿಂದ ಏಳುವುದು, ಹ್ಯಾಂಡಲ್ ಹಿಡಿತ ಬದಲಿಸುವುದು ಅಭ್ಯಾಸವಾಗಲಿ. ಸೀಟಿನ ಎತ್ತರವನ್ನು ಹೊರಡುವ ವಾರ ತಿದ್ದಬೇಡಿ, ಎರಡು ತಿಂಗಳು ಮೊದಲೇ ಸರಿಮಾಡಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಶುರುವಿಗೆ ಇಷ್ಟು ಸಾಕು.

ವೀಸಾ ವಿಷಯ. ಶೆಂಗೆನ್ ವೀಸಾದಲ್ಲಿ (ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ದೊಡ್ಡವರಿಗೆ 2024ರ ಜೂನ್‌ನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಹೊರಡುವ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಇಲ್ಲಿ ಸೈಕಲಿನವರು ಗಮನಿಸಬೇಕಾದದ್ದೊಂದಿದೆ: ಅರ್ಜಿ ಹಾಕುವುದು ಹೆಚ್ಚು ದಿನ ಇರುವ ದೇಶಕ್ಕೆ. ಡೊನಾವ್‌ಎಶಿಂಗೆನ್‌ನಿಂದ ವಿಯೆನ್ನಾ ಎಂದರೆ ಹೆಚ್ಚು ದಿನ ಜರ್ಮನಿಯಲ್ಲಿ, ಅಲ್ಲಿಗೇ ಅರ್ಜಿ. ಪಸಾವ್‌ನಿಂದ ವಿಯೆನ್ನಾ ಎಂದರೆ ಹೆಚ್ಚು ದಿನ ಆಸ್ಟ್ರಿಯಾದಲ್ಲಿ. ಮಾರ್ಗ ಬದಲಾದರೆ ವೀಸಾ ಆಫೀಸೂ ಬದಲಾಗುತ್ತದೆ. ದಿನಕ್ಕೊಂದು ಊರಿನ ಪಟ್ಟಿ, ರದ್ದು ಮಾಡಬಹುದಾದ ವಸತಿ ಬುಕಿಂಗ್ ಜೊತೆಗಿರಲಿ. ‘ಎಲ್ಲಿ ರಾತ್ರಿಯಾಯಿತೋ ಅಲ್ಲಿ ಟೆಂಟ್’ ಎಂದು ಬರೆದರೆ ಕೌಂಟರಿನವರಿಗೆ ಕಾವ್ಯ ಅರ್ಥವಾಗುವುದಿಲ್ಲ.

ವಿಯೆಟ್ನಾಂ: ಕಾಫಿಯವರಿಗೆ ಇನ್ನೊಂದು ಕಾರಣ

ವೀಸಾ ಇಲ್ಲಿ ಸುಲಭ. 2023ರ ಆಗಸ್ಟ್‌ನಿಂದ ಇ-ವೀಸಾ 90 ದಿನಕ್ಕೆ ಸಿಗುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಊಟ, ವಸತಿ ಯುರೋಪಿನಷ್ಟು ದುಬಾರಿ ಅಲ್ಲ. ಸಣ್ಣ ಪಟ್ಟಣದಲ್ಲೂ ಲಾಡ್ಜ್ ಸಿಗುವುದರಿಂದ ಟೆಂಟ್ ಹೊರುವ ಅಗತ್ಯವಿಲ್ಲ. ಅಷ್ಟು ತೂಕ ಕಡಿಮೆಯಾಯಿತು.

ಜನ ಸಾಮಾನ್ಯವಾಗಿ ಹನೋಯಿಯಿಂದ ಹೋ ಚಿ ಮಿನ್ಹ್ ನಗರದವರೆಗೆ ಎಂದು ಹೊರಡುತ್ತಾರೆ. ಒಂದನೇ ಹೆದ್ದಾರಿಯಲ್ಲಿ ಸುಮಾರು 1,700 ಕಿ.ಮೀ. ಆದರೆ ಆ ಹೆದ್ದಾರಿ ಲಾರಿಗಳ ದಾರಿ. ಇಡೀ ದಿನ ಹಾರ್ನ್ ಕೇಳುವುದಾದರೆ ಬೆಂಗಳೂರು ರಸ್ತೆಯೇ ಸಾಕಲ್ಲ, ವಿಮಾನದ ಖರ್ಚು ಯಾಕೆ? ಅದರ ಬದಲು ಹ್ಯೂ, ಹಾಯ್ ವಾನ್, ಹೋಯ್ ಆನ್ ಭಾಗವೊಂದು, ನ್ಯಾ ಚಾಂಗ್‌ನಿಂದ ದಾ ಲಾತ್, ಬುವೊನ್ ಮಾ ತೂವೊತ್ ಕಡೆಯ ಮಲೆ ಭಾಗವೊಂದು ಆರಿಸಿ, ನಡುವೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವುದು ಒಳ್ಳೆಯದು. ಪಶ್ಚಿಮದ ಹೋ ಚಿ ಮಿನ್ಹ್ ರಸ್ತೆ ಬಹಳ ಚೆಂದ. ಆದರೆ ಖೆ ಸಾನ್ ಮತ್ತು ಫೋಂಗ್ ನ್ಯಾ ನಡುವೆ 200 ಕಿ.ಮೀ.ಗೂ ಜಾಸ್ತಿ ದೂರದಲ್ಲಿ ಅಂಗಡಿ, ವಸತಿ ಬಹಳ ವಿರಳ. ಮೊದಲ ಪ್ರವಾಸಕ್ಕೆ ಅದು ಬೇಡ.

ಬುವೊನ್ ಮಾ ತೂವೊತ್ ವಿಯೆಟ್ನಾಂ ಕಾಫಿಯ ತವರು. ಜಗತ್ತಿನಲ್ಲೇ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶ ಅದು. ನಮ್ಮಂತೆ ದೊಡ್ಡ ಮರಗಳ ನೆರಳು ಅಲ್ಲಿ ಕಡಿಮೆ, ಸಣ್ಣ ಹಿಡುವಳಿಗಳೇ ಜಾಸ್ತಿ. ಫೆಬ್ರವರಿಯಲ್ಲಿ ಹೋದರೆ ಒಣ ಕಾಲ, ಗಿಡಕ್ಕೆ ನೀರು ಹಾಯಿಸುವ ಹೊತ್ತು. ತೋಟದವರು ಇದನ್ನು ಸೈಕಲ್ ಮೇಲೆ ಕುಳಿತು ಬೇಲಿಯಾಚೆಗೆ ನೋಡುತ್ತಾ ಹೋಗಬಹುದು. ಕಾರಿನಲ್ಲಿ ಹೋದರೆ ಇಷ್ಟು ಕಾಣುವುದಿಲ್ಲ. ಮನೆಯವರನ್ನು ಒಪ್ಪಿಸಲು ‘ಅಧ್ಯಯನ ಪ್ರವಾಸ’ ಅನ್ನಲೂಬಹುದು.

ಇದಕ್ಕೆ ನಮ್ಮ ರಸ್ತೆಗಳೇ ಸರಿಯಾದ ಅಭ್ಯಾಸ. ಗೋಣಿಕೊಪ್ಪಲು, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ ಕಡೆಯ ಏರಿಳಿತ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿದು ಹತ್ತುವುದು, ಸಂಪಾಜೆ ಘಾಟಿ. ಒಂದೇ ಕೊರತೆ ಸೆಕೆ. ಮಡಿಕೇರಿಯ ತಂಪಿನಲ್ಲಿ ತುಳಿದವರಿಗೆ ವಿಯೆಟ್ನಾಂ ಕರಾವಳಿಯ ಬೆವರು ಹೊಸದು. ಅದಕ್ಕೆ ಹೊರಡುವ ಮೊದಲಿನ ಎರಡು ವಾರದಲ್ಲಿ ಕೆಲವು ಮಧ್ಯಾಹ್ನ ಸುಳ್ಯ, ಪುತ್ತೂರು ಕಡೆ ತುಳಿಯಿರಿ. ಮೈ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಗಂಟೆಗೆ ಅರ್ಧ ಲೀಟರ್ ನೀರು, ಸೆಕೆಯಲ್ಲಿ ಅದಕ್ಕಿಂತ ಜಾಸ್ತಿ. ಬರೀ ನೀರು ಕುಡಿದರೆ ಸಾಲದು, ಉಪ್ಪು ಬೇಕು. ಮಜ್ಜಿಗೆಗೆ ಉಪ್ಪು ಹಾಕಿ ಒಯ್ದರೂ ನಡೆಯುತ್ತದೆ.

ಇನ್ನೊಂದು. ಯುರೋಪು, ವಿಯೆಟ್ನಾಂ, ಪಾಮಿರ್ ಮೂರರಲ್ಲೂ ವಾಹನ ಬಲಗಡೆ ಓಡುತ್ತವೆ. ಹಿಂದಿನಿಂದ ಬರುವ ಗಾಡಿ ನಿಮ್ಮ ಎಡಗಡೆ ದಾಟುತ್ತದೆ. ಕನ್ನಡಿಯನ್ನು ಹ್ಯಾಂಡಲಿನ ಎಡಕ್ಕೆ ಹಾಕಿಕೊಳ್ಳಿ. ಶ್ರೀಲಂಕಾದಲ್ಲಿ ಮಾತ್ರ ನಮ್ಮಂತೆ ಎಡಗಡೆ.

ಶ್ರೀಲಂಕಾ, ಪಾಮಿರ್: ಎರಡು ತುದಿಗಳು

ಶ್ರೀಲಂಕಾ ಹತ್ತಿರ, ಊಟ ಒಗ್ಗುತ್ತದೆ, ರಸ್ತೆ ನಿಯಮ ಗೊತ್ತಿದ್ದದ್ದೇ. ನೆಗೊಂಬೊದಿಂದ ಹೊರಟು ಕ್ಯಾಂಡಿ, ನುವರ ಎಲಿಯ, ‘ಎಲ್ಲ’ ಎಂಬ ಊರು, ಆಮೇಲೆ ದಕ್ಷಿಣ ಕರಾವಳಿಯ ಗಾಲೆ ಸುತ್ತಿ ಬಂದರೆ ಎರಡು ವಾರಕ್ಕೆ ಒಳ್ಳೆಯ ಪ್ರವಾಸ. ಟೀ ತೋಟದ ಏರುಗಳು ನಮ್ಮವರಿಗೆ ಹೊಸದೇನಲ್ಲ. ಹೆದರಬೇಕಾದದ್ದು ಊರಿಂದೂರಿಗೆ ಹೋಗುವ ಖಾಸಗಿ ಬಸ್ಸುಗಳಿಗೆ. ಕೊಡಗಿನಿಂದ ಹೋದವರಿಗೆ ಅಲ್ಲಿ ‘ವಿದೇಶ’ ಅನ್ನಿಸುವುದು ಸ್ವಲ್ಪ ಕಡಿಮೆ ಎಂಬುದೇ ನನ್ನ ದೂರು. ಹತ್ತು ದಿನದ ರಜೆಯಲ್ಲಿ ಸಾಮಾನು ಹೇರಿ ತುಳಿಯುವುದು ಹೇಗೆ ಎಂದು ಕಲಿಯಲು ಅದು ಒಳ್ಳೆಯ ಜಾಗ.

ಪಾಮಿರ್ ಬೇರೆಯೇ ಮಾತು. ತಜಕಿಸ್ತಾನದ ದುಶಾಂಬೆಯಿಂದ ಕಿರ್ಗಿಸ್ತಾನದ ಓಶ್‌ವರೆಗೆ ಸುಮಾರು 1,200 ಕಿ.ಮೀ. ಅಕ್-ಬೈತಾಲ್ ಕಣಿವೆ ದಾರಿಯ ಎತ್ತರ 4,655 ಮೀಟರ್. ನಮ್ಮ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಇಲ್ಲಿ ಸಂಪಾಜೆ ಲೆಕ್ಕ ಕೆಲಸ ಮಾಡುವುದಿಲ್ಲ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ 60ಕ್ಕಿಂತಲೂ ಕಡಿಮೆ. ಅದಕ್ಕೆ ಕೊಡಗಿನಲ್ಲಿ ಅಭ್ಯಾಸವೇ ಇಲ್ಲ, ಎಷ್ಟು ಗಟ್ಟಿ ಕಾಲಿದ್ದರೂ ಅಷ್ಟೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು. ಈ ಕಾರಣಕ್ಕೇ ದುಶಾಂಬೆ ಕಡೆಯಿಂದ ಹೊರಡುವುದು ಮೇಲು. ದಾರಿಯ ನಡುವಿನ ಖೊರೊಗ್ ಪಟ್ಟಣದವರೆಗೆ ನಿಧಾನವಾಗಿ ಏರುತ್ತದೆ. ಓಶ್‌ನಿಂದ ಹೊರಟರೆ ಕೆಲವೇ ದಿನದಲ್ಲಿ 4,280 ಮೀಟರಿನ ಕಿಝಿಲ್-ಆರ್ತ್ ಘಾಟಿ ಎದುರಿಗೆ ನಿಂತಿರುತ್ತದೆ. ವೀಸಾ ಜೊತೆಗೆ ಗೋರ್ನೊ-ಬದಖ್ಶಾನ್ ಪ್ರದೇಶದ ಬೇರೆ ಪರವಾನಗಿ ಬೇಕು. ಗಡಿ ಮುಚ್ಚಿದ್ದೂ ಉಂಟು, ಹೊರಡುವ ಮೊದಲು ವಿಚಾರಿಸಿ. ಎರಡನೆಯ ಅಥವಾ ಮೂರನೆಯ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಘಾಟಿ ಅಭ್ಯಾಸವೋ, ಉದ್ದ ಓಟವೋ, ಮನೆಯೊಳಗೋ

ಅಭ್ಯಾಸದಲ್ಲೂ ಆಯ್ಕೆ ಇದೆ. ಬೆಂಗಳೂರಿನ ಕಡೆ ಬ್ರೆವೆ ಓಟಗಳು ಜನಪ್ರಿಯ: 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಒಳ್ಳೆಯದೇ, ಮನಸ್ಸು ಗಟ್ಟಿಯಾಗುತ್ತದೆ. ಆದರೆ ಅದು ಹಗುರ ಸೈಕಲ್‌ನಲ್ಲಿ ಒಂದು ದಿನದ ಪರೀಕ್ಷೆ. ಪ್ರವಾಸದಲ್ಲಿ ಮರುದಿನ ಬೆಳಗ್ಗೆ ಮತ್ತೆ ಹತ್ತಬೇಕು, ಅದರ ಮರುದಿನವೂ. ಒಂದು ದಿನ 150 ಕಿ.ಮೀ. ತುಳಿದು ನಾಲ್ಕು ದಿನ ಮಲಗುವುದಕ್ಕಿಂತ ಶನಿವಾರ 60, ಭಾನುವಾರ 60 ತುಳಿಯುವುದು ಜಾಸ್ತಿ ಉಪಯೋಗ. ವಾರದ ನಡುವೆ ಮೂರು ದಿನ ಮುಕ್ಕಾಲು ಗಂಟೆ ಸಾಕು. ಮಾತಾಡುತ್ತಾ ತುಳಿಯಲು ಆಗುವಷ್ಟು ವೇಗವೇ ಸರಿಯಾದ ವೇಗ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಡ್ಯಾನ್ಯೂಬ್‌ಗೆ ಹತ್ತು ಹನ್ನೆರಡು ವಾರ ಸಾಕು. ವಿಯೆಟ್ನಾಂ ಮಲೆ ಭಾಗಕ್ಕೆ ಹದಿನಾರು ಇಟ್ಟುಕೊಳ್ಳಿ.

ತೂಕ ಹೇರದೆ ಮಾಡಿದ ಅಭ್ಯಾಸ ಅರ್ಧ ಅಭ್ಯಾಸ. ಕೊನೆಯ ಆರು ವಾರ ಚೀಲಗಳನ್ನು ಕಟ್ಟಿಕೊಂಡೇ ಹೋಗಿ. ಎರಡು ಲೀಟರಿನ ನೀರಿನ ಬಾಟಲಿ ತುಂಬಿದರೆ ತೂಕದ ಲೆಕ್ಕ ಸುಲಭ, ಒಂದಕ್ಕೆ ಎರಡು ಕಿಲೋ. ಮೇಲೆ ಹತ್ತಿದ ಮೇಲೆ ನೀರು ಚೆಲ್ಲಿ ಹಗುರವಾಗಿ ಇಳಿಯಬಹುದು ಎಂಬುದು ಇನ್ನೊಂದು ಅನುಕೂಲ. ಕೊನೆಗೊಮ್ಮೆ ಮಾತ್ರ ಪೂರ್ತಿ ತೂಕದಲ್ಲೇ ಇಳಿದು ಬ್ರೇಕ್ ಪರೀಕ್ಷಿಸಿ. ಸಂಪಾಜೆ ಇಳಿಜಾರಿನಲ್ಲಿ ಬ್ರೇಕನ್ನು ಉದ್ದಕ್ಕೂ ಅದುಮಿ ಹಿಡಿಯಬೇಡಿ, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಡಿ. ಗೇರ್ ಬಗ್ಗೆ ಒಂದೇ ಮಾತು: ಮುಂದಿನ ಸಣ್ಣ ಚಕ್ರದ ಹಲ್ಲಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲು ಜಾಸ್ತಿ ಇರಲಿ. ಮುಂದೆ 30, ಹಿಂದೆ 34 ಇದ್ದರೆ ಖಾನ್ ಲೆಯಂಥ ಘಾಟಿಯನ್ನೂ ಕುಳಿತೇ ಹತ್ತಬಹುದು.

ಕೊನೆಯ ತಿಂಗಳಲ್ಲಿ ಮೂರು ದಿನದ ತಾಲೀಮು ಮಾಡಿ. ಕುಶಾಲನಗರದಿಂದ ಮಡಿಕೇರಿ ಮೇಲೆ ಭಾಗಮಂಡಲ, ಎರಡನೇ ದಿನ ಬೆಳಗ್ಗೆ ತಲಕಾವೇರಿಯ 8 ಕಿ.ಮೀ. ಹತ್ತಿ ಇಳಿದು ನಾಪೋಕ್ಲು ಮೂಲಕ ವಿರಾಜಪೇಟೆ, ಮೂರನೇ ದಿನ ಸಿದ್ದಾಪುರ ಮೇಲೆ ಕುಶಾಲನಗರ. ಸಿದ್ದಾಪುರ, ತಿತಿಮತಿ ಕಡೆ ಆನೆ ಓಡಾಟ ಇದೆ. ಚೆನ್ನಾಗಿ ಬೆಳಕಾದ ಮೇಲೆ ಹೊರಟು ಸಂಜೆ ಐದರೊಳಗೆ ಸೇರಿಬಿಡಿ. ತೋಟದ ಕಾರ್ಮಿಕರನ್ನು ಒಂದು ಮಾತು ಕೇಳಿದರೆ ಆ ದಿನ ಆನೆ ಎಲ್ಲಿದೆ ಎಂದು ಯಾವ ಆ್ಯಪ್‌ಗಿಂತಲೂ ಸರಿಯಾಗಿ ಹೇಳುತ್ತಾರೆ. ಮಡಿಕೇರಿ ಸುತ್ತಮುತ್ತ ಶನಿವಾರ ಭಾನುವಾರ ಪ್ರವಾಸಿಗರ ಕಾರುಗಳದ್ದೇ ರಾಜ್ಯ. ಸಾಧ್ಯವಾದರೆ ವಾರದ ದಿನ ಆರಿಸಿ.

ದಾರಿಯಲ್ಲಿ ತಿನ್ನುವುದನ್ನೂ ಇಲ್ಲೇ ಅಭ್ಯಾಸ ಮಾಡಬೇಕು. ಹಸಿವಾಗುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹೋಗಲಿ. ಒಂದು ಬಾಳೆಹಣ್ಣು, ಎರಡು ಕಡಂಬುಟ್ಟು, ಬೆಲ್ಲದ ತುಂಡು. ಪಂದಿಕರಿ ಸಂಜೆಗೆ ಇರಲಿ. ಅದನ್ನು ತಿಂದು ಘಾಟಿ ಹತ್ತಿದವರನ್ನು ನಾನಂತೂ ನೋಡಿಲ್ಲ.

ಮಳೆಗಾಲದಲ್ಲಿ ಅಭ್ಯಾಸ ಮಾಡಲೇಬೇಕಾದವರಿಗೆ ಎರಡು ದಾರಿ. ಹೊರಗೆ ಹೋದರೆ ಪಾಚಿ, ರಸ್ತೆಗೆ ಬಿದ್ದ ಬಿದಿರು, ಕೆಸರು, ಜಿಗಣೆ. ಬ್ರೇಕ್ ಪ್ಯಾಡ್‌ಗಳು ಮರಳಿನಿಂದಾಗಿ ಬೇಗ ಸವೆಯುತ್ತವೆ. 2018ರಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ. ಜೋರು ಮಳೆಯ ದಿನ ಘಾಟಿ ಬೇಡವೇ ಬೇಡ. ಮನೆಯೊಳಗೆ ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಇಟ್ಟುಕೊಳ್ಳುವುದಾದರೆ ಹಿಂದಿನ ಚಕ್ರಕ್ಕೆ ತಾಗಿಸುವ ಸಾದಾ ಮ್ಯಾಗ್ನೆಟ್‌ನದ್ದು ಕೊಳ್ಳಿ. ದುಬಾರಿಯ ಸ್ಮಾರ್ಟ್ ಟ್ರೇನರ್‌ಗೆ ಕರೆಂಟು ಬೇಕು. ಜುಲೈನಲ್ಲಿ ನಮ್ಮ ಕರೆಂಟಿನ ಕಥೆ ಗೊತ್ತಲ್ಲ.

ಸ್ವಂತ ಸೈಕಲೋ, ಅಲ್ಲೇ ಬಾಡಿಗೆಯೋ

ಹತ್ತು ದಿನದ ಪಸಾವ್–ವಿಯೆನ್ನಾ ಆದರೆ ಬಾಡಿಗೆಯೇ ಲೇಸು. ಪಸಾವ್‌ನಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ, ವಿಯೆನ್ನಾದಲ್ಲಿ ಬಿಟ್ಟು ಬರುವ ವ್ಯವಸ್ಥೆಯೂ ಇದೆ. ನಿಮ್ಮ ಸೀಟನ್ನೂ ಪೆಡಲ್‌ಗಳನ್ನೂ ಮಾತ್ರ ಚೀಲದಲ್ಲಿ ಒಯ್ಯಿರಿ. ಮೈಗೆ ಒಗ್ಗಿದ್ದು ಅವೆರಡೇ. ಮೂರು ವಾರ ದಾಟಿದರೆ, ಅಥವಾ ವಿಯೆಟ್ನಾಂ ಮಲೆ ದಾರಿಯಾದರೆ, ಸ್ವಂತ ಸೈಕಲ್ ಬೇಕು. ಬಾಡಿಗೆಗೆ ಸಿಗುವವುಗಳಲ್ಲಿ ಅಷ್ಟು ಸಣ್ಣ ಗೇರ್ ಇರುತ್ತದೆ ಎಂಬ ಭರವಸೆ ಇಲ್ಲ.

ಸ್ವಂತದ್ದು ಒಯ್ಯುವವರು ಹೊರಡುವ ಒಂದು ತಿಂಗಳು ಮೊದಲೇ ಸೈಕಲ್ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ತನ್ನಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಮುಂದಿನ ಚಕ್ರ ತೆಗೆದು ಪ್ಯಾಕ್ ಮಾಡಿ ತೂಗಿ ನೋಡಿ. ಎಡ ಪೆಡಲ್‌ನ ತಿರುಪಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಮುಂಭಾಗಕ್ಕೆ ತಿರುಗಿಸಿದರೆ ಎರಡೂ ಬಿಗಿಯಾಗುತ್ತವೆ, ಹಿಂದಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಪವರ್ ಬ್ಯಾಂಕ್, ಲೈಟಿನ ಬಿಡಿ ಬ್ಯಾಟರಿ ಕೈಚೀಲದಲ್ಲಿ ಹೋಗಬೇಕು. 100 ವಾಟ್-ಅವರ್ ದಾಟಿದ ಪವರ್ ಬ್ಯಾಂಕ್‌ಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಗ್ಯಾಸ್ ಸ್ಟವ್‌ನ ಡಬ್ಬಿ ವಿಮಾನಕ್ಕೆ ನಿಷಿದ್ಧ, ಅಲ್ಲೇ ಕೊಳ್ಳಬೇಕು. ಪೆಟ್ಟಿಗೆಯ ಅಳತೆಯನ್ನು ಟಿಕೆಟ್ ಕೊಳ್ಳುವ ಮೊದಲೇ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಡಿ. ಮಡಿಕೇರಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಸಾಗಿಸಲು ಯಾರ ಜೀಪು, ಯಾವ ಬಸ್ಸು ಎಂಬುದನ್ನೂ ಅದೇ ವಾರ ಮಾತಾಡಿಕೊಳ್ಳಿ. ಉದ್ದದ ಪೆಟ್ಟಿಗೆಯನ್ನು ಕಡೆಗಳಿಗೆಯಲ್ಲಿ ಡಿಕ್ಕಿಗೆ ಹಾಕಲು ಎಲ್ಲಾ ಕಂಡಕ್ಟರುಗಳೂ ಒಪ್ಪುವುದಿಲ್ಲ.